ಕಾಣದ ಬೆಳಕಿನಲ್ಲಿ ಬರೆಯುವ ಕೀಲಿಮಣೆ

ಮಕ್ಕಳೇ, ಓದುವ ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಟಿ.ವಿ. ರಿಮೋಟನ್ನು ಕೈಗೆತ್ತಿಕೊಳ್ಳಿ. ಅದರ ಮೂತಿಯಲ್ಲಿ ಮಣಿಯಂಥ ಪುಟ್ಟ ದೀಪವೊಂದಿದೆ. ಗುಂಡಿ ಒತ್ತುತ್ತ ಆ ದೀಪವನ್ನೇ ನೋಡಿ. ಏನೂ ಕಾಣಿಸುವುದಿಲ್ಲ, ಅಲ್ಲವೇ? ಈಗ ದೊಡ್ಡವರನ್ನು ಕೇಳಿ ಅವರ ಮೊಬೈಲ್‌ನ ಕ್ಯಾಮರಾ ತೆರೆಯಿರಿ. ಅದೇ ದೀಪವನ್ನು ಮೊಬೈಲ್‌ನ ಪರದೆಯ ಮೇಲೆ ನೋಡುತ್ತ ಮತ್ತೆ ಗುಂಡಿ ಒತ್ತಿ. ನಸು ನೇರಳೆ ಬಣ್ಣದಲ್ಲಿ ದೀಪ ಮಿನುಗುತ್ತದೆ! (ಕೆಲವು ಮೊಬೈಲ್‌ಗಳ ಹಿಂಬದಿಯ ಕ್ಯಾಮರಾದಲ್ಲಿ ಈ ಬೆಳಕನ್ನು ತಡೆಯುವ ಗಾಜು ಇರುತ್ತದೆ. ಕಾಣದಿದ್ದರೆ ಮುಂಬದಿಯ ಕ್ಯಾಮರಾದಲ್ಲಿ ನೋಡಿ.)

ಬೆಳಕು ಮೊದಲೂ ಹೊರಡುತ್ತಿತ್ತು. ಅದನ್ನು ಕಾಣುವ ಶಕ್ತಿ ನಮ್ಮ ಕಣ್ಣಿಗಿಲ್ಲ, ಅಷ್ಟೆ. ಇದಕ್ಕೆ ಅವಕೆಂಪು ಬೆಳಕು ಎಂದು ಹೆಸರು. ಕಾಮನಬಿಲ್ಲಿನಲ್ಲಿ ನೇರಳೆಯಿಂದ ಕೆಂಪಿನವರೆಗೆ ಬಣ್ಣಗಳು ಸಾಲಾಗಿ ಇರುತ್ತವೆ. ಕೆಂಪು ಮುಗಿದ ಮೇಲೂ ಬೆಳಕು ಮುಗಿದಿರುವುದಿಲ್ಲ. ಇದನ್ನು 1800ರಲ್ಲಿ ಕಂಡುಹಿಡಿದವರು ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷೆಲ್. ಮೊದಲು ಸಂಗೀತಗಾರರಾಗಿದ್ದು, ಆಮೇಲೆ ಆಕಾಶ ವೀಕ್ಷಣೆಗೆ ತೊಡಗಿ, 1781ರಲ್ಲಿ ಯುರೇನಸ್ ಗ್ರಹವನ್ನು ಕಂಡವರು ಇವರೇ. ಅವರು ಬಿಸಿಲನ್ನು ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕವನ್ನು ಇಟ್ಟು ನೋಡಿದರು. ನೇರಳೆಯಿಂದ ಕೆಂಪಿನ ಕಡೆಗೆ ಬಂದಂತೆ ಬಿಸಿ ಹೆಚ್ಚಿತು. ಕೆಂಪನ್ನೂ ದಾಟಿ, ಬಣ್ಣವೇ ಇಲ್ಲದ ಖಾಲಿ ಜಾಗದಲ್ಲಿ ಇಟ್ಟಾಗ ಪಾದರಸ ಇನ್ನೂ ಮೇಲೇರಿತು. ಖಾಲಿ ಜಾಗ ಖಾಲಿಯಾಗಿರಲಿಲ್ಲ!

ಕೆಂಪು ಬೆಳಕಿನ ಅಲೆಯ ಉದ್ದ ಸುಮಾರು 700 ನ್ಯಾನೊಮೀಟರ್. ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಹೆಚ್ಚಿನ ರಿಮೋಟ್‌ಗಳ ದೀಪ ಸುಮಾರು 940 ನ್ಯಾನೊಮೀಟರ್ ಉದ್ದದ ಅಲೆಗಳನ್ನು ಹೊರಡಿಸುತ್ತದೆ. ನಮ್ಮ ಕಣ್ಣು ಅಷ್ಟು ದೂರ ಹೋಗುವುದಿಲ್ಲ. ಕ್ಯಾಮರಾದ ಕಣ್ಣು ಸ್ವಲ್ಪ ಹೋಗುತ್ತದೆ.

ರಿಮೋಟ್‌ನಲ್ಲಿ ಇಪ್ಪತ್ತೋ ಮೂವತ್ತೋ ಗುಂಡಿಗಳಿರುತ್ತವೆ. ಅಷ್ಟನ್ನು ಬೆಳಕಿನಲ್ಲಿ ಹೇಳಬಹುದಾದರೆ ನೂರು ಕೀಲಿಗಳಿರುವ ಕಂಪ್ಯೂಟರ್ ಕೀಲಿಮಣೆಯನ್ನೂ ತಂತಿಯಿಲ್ಲದೆ ನಡೆಸಬಹುದಲ್ಲವೇ? ಈ ಯೋಚನೆ ಹಳೆಯದು. ಐಬಿಎಂ ಕಂಪನಿ 1983ರ ನವೆಂಬರ್‌ನಲ್ಲಿ ಪಿಸಿ-ಜೂನಿಯರ್ ಎಂಬ ಕಂಪ್ಯೂಟರನ್ನು ಪ್ರಕಟಿಸಿತು. ಅದರ ಜೊತೆಗೆ ಬಂದದ್ದು ಅವಕೆಂಪು ಕೀಲಿಮಣೆ. ಮನೆಯಲ್ಲಿ ಸೊಗಸಾಗಿತ್ತು. ಆದರೆ ಒಂದೇ ಕೋಣೆಯಲ್ಲಿ ಎರಡು ಪಿಸಿ-ಜೂನಿಯರ್ ಇಟ್ಟರೆ ಏನಾಗಬೇಡ? ಇವನು ಒತ್ತಿದ್ದು ಅವಳ ಪರದೆಯ ಮೇಲೆ! ಅದಕ್ಕಾಗಿ ಕಂಪನಿ ಬೇಕಾದವರಿಗೆ ಕೀಲಿಮಣೆಯ ತಂತಿಯನ್ನೂ ಬೇರೆಯಾಗಿ ಮಾರಿತು. ತಂತಿಯಿಲ್ಲದ ಕೀಲಿಮಣೆಗೆ ತಂತಿ! ಇಂದು ಅಂಗಡಿಯಲ್ಲಿ ಸಿಗುವ ತಂತಿರಹಿತ ಕೀಲಿಮಣೆಗಳು ಹೆಚ್ಚಾಗಿ ರೇಡಿಯೊ ಅಲೆಗಳಿಂದ ಕೆಲಸ ಮಾಡುತ್ತವೆ. ಅವಕೆಂಪಿನವು ಕಡಿಮೆಯಾಗಿವೆ. ಆದರೂ ಅವು ಹೇಗೆ ಮಾತಾಡುತ್ತವೆ ಎಂಬುದನ್ನು ನಾವು ಬಿಡಿಸಿ ನೋಡಬಹುದು. ಅದಕ್ಕೇ ನನಗೆ ಅವು ಇಷ್ಟ.

ಬೆಳಕಿನ ಮಾತು

ಒಂದು ತೊಡಕಿದೆ. ಅವಕೆಂಪು ಬೆಳಕು ಸೂರ್ಯನಿಂದ ಬರುತ್ತದೆ, ಒಲೆಯಿಂದ ಬರುತ್ತದೆ, ಬುರುಡೆ ಬಲ್ಬಿನಿಂದಲೂ ಬರುತ್ತದೆ. ಇಷ್ಟರ ನಡುವೆ ಕೀಲಿಮಣೆಯ ಪುಟ್ಟ ದೀಪದ ಬೆಳಕನ್ನು ಕಂಪ್ಯೂಟರ್ ಹೇಗೆ ಗುರುತಿಸಬೇಕು? ಜಾತ್ರೆಯ ಗದ್ದಲದಲ್ಲೂ ನಿಮ್ಮ ಅಮ್ಮ ಕೂಗಿದರೆ ನಿಮಗೆ ತಿಳಿಯುತ್ತದೆ. ಏಕೆ? ಆ ದನಿಯ ಬಗೆಯೇ ಬೇರೆ. ಇಲ್ಲಿಯೂ ಹಾಗೆಯೇ. ದೀಪ ಸುಮ್ಮನೆ ಉರಿಯುವುದಿಲ್ಲ. ನಾವು ಈಗ ನೋಡಲಿರುವ ಕೀಲಿಮಣೆಯಲ್ಲಿ ಅದು ಸೆಕೆಂಡಿಗೆ ಸುಮಾರು 36,000 ಸಲ ಹತ್ತಿ ಆರುತ್ತದೆ. ರಿಸೀವರ್ ಈ ಲಯದಲ್ಲಿ ಮಿಟುಕುವ ಬೆಳಕಿಗೆ ಮಾತ್ರ ಕಿವಿಗೊಡುತ್ತದೆ. ಒಂದೇ ಸಮನೆ ಬರುವ ಬಿಸಿಲಿಗೆ ಈ ಲಯವಿಲ್ಲ.

ಹೀಗೆ ಮಿಟುಕುವ ಬೆಳಕನ್ನು ಸ್ವಲ್ಪ ಹೊತ್ತು ಬಿಡುವುದು, ಸ್ವಲ್ಪ ಹೊತ್ತು ನಿಲ್ಲಿಸುವುದು. ಮಾತೆಲ್ಲ ಇಷ್ಟರಲ್ಲೇ ಆಗಬೇಕು. ದ್ವಿಮಾನ ಪದ್ಧತಿಯಲ್ಲಿ 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಯಾವ ಸಂಖ್ಯೆಯನ್ನಾದರೂ ಬರೆಯಬಹುದು ಎಂದು ನಿಮಗೆ ಗೊತ್ತು. ಅಂಥ ಒಂದೊಂದು ಅಂಕಿಗೆ ಬಿಟ್ ಎನ್ನುತ್ತಾರೆ. ನಮ್ಮ ಕೀಲಿಮಣೆ ಒಂದು ಬಿಟ್ಟಿಗೆ ತೆಗೆದುಕೊಳ್ಳುವ ಕಾಲ ಒಂದು ಮಿಲಿಸೆಕೆಂಡಿನ ಮೂರನೇ ಎರಡು ಭಾಗ. ಅದರಲ್ಲಿ ಅರ್ಧ ಬೆಳಕು, ಅರ್ಧ ಕತ್ತಲು. ಬೆಳಕು ಮೊದಲೋ ಕತ್ತಲು ಮೊದಲೋ ಎಂಬುದನ್ನು ನೋಡಿ 0 ಅಥವಾ 1 ಎಂದು ತಿಳಿಯಬೇಕು. ಹಾಗಾದರೆ ಒಂದು ಬಿಟ್ಟಿನ ಬೆಳಕಿನ ಅರ್ಧದಲ್ಲಿ ದೀಪ ಎಷ್ಟು ಸಲ ಮಿಟುಕುತ್ತದೆ? ಆ ಅರ್ಧ ಎಂದರೆ ಸೆಕೆಂಡಿನ 3,000ದಲ್ಲಿ ಒಂದು ಭಾಗ. 36,000ವನ್ನು 3,000ದಿಂದ ಭಾಗಿಸಿ. 12 ಸಲ.

ಒಂದು ಕೀಲಿಯನ್ನು ಒತ್ತಿದರೆ 32 ಬಿಟ್‌ಗಳ ಒಂದು ಸಂದೇಶ ಹೊರಡುತ್ತದೆ. ಮೊದಲು ಬರುವ ಎಚ್ಚರಿಕೆಯ ಸಂಕೇತವನ್ನು ಬಿಟ್ಟರೆ ಇದಕ್ಕೆ ಸುಮಾರು 21 ಮಿಲಿಸೆಕೆಂಡ್ ಸಾಕು. 32 ಬಿಟ್‌ಗಳಲ್ಲಿ ಎಂಟು ಬಿಟ್‌ಗಳು ಶಿಫ್ಟ್, ಕಂಟ್ರೋಲ್, ಆಲ್ಟ್ ಮೊದಲಾದ ಕೀಲಿಗಳಿಗೆ ಮೀಸಲು. ಆ ಕೀಲಿ ಒತ್ತಿದ್ದರೆ 1, ಇಲ್ಲದಿದ್ದರೆ 0. ಇನ್ನು ಎಂಟೆಂಟು ಬಿಟ್‌ಗಳ ಎರಡು ಗುಂಪುಗಳಲ್ಲಿ ಒತ್ತಿರುವ ಕೀಲಿಗಳ ಸಂಖ್ಯೆ ಇರುತ್ತದೆ. ಗಮನಿಸಿ, ಹೋಗುವುದು ಅಕ್ಷರವಲ್ಲ, ಕೀಲಿಯ ಸಂಖ್ಯೆ. ಈ ಮಾತಿಗೆ ಮತ್ತೆ ಬರುತ್ತೇನೆ.

ಅರ್ಧ ಜೀವದ ಕೀಲಿಮಣೆ

ನಮ್ಮ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಗಾಲಿ ಕುರ್ಚಿಯಲ್ಲಿ ಓಡಾಡುತ್ತಾಳೆ. ಶಾಲೆಯ ಗೋಡೆ ಪತ್ರಿಕೆಗೆ ಹೆಚ್ಚು ಬರೆಯುವವಳು ಅವಳೇ. ಕಂಪ್ಯೂಟರ್ ಬಂದ ಮೇಲೆ ಗೋಡೆ ಪತ್ರಿಕೆಯನ್ನು ಅದರಲ್ಲೇ ಸಿದ್ಧಪಡಿಸುವುದೆಂದಾಯಿತು. ಆದರೆ ಕಂಪ್ಯೂಟರಿನ ಮೇಜಿನ ಕೆಳಗೆ ಅಡ್ಡಪಟ್ಟಿ ಇತ್ತು. ಅವಳ ಕುರ್ಚಿ ಒಳಗೆ ಹೋಗದು, ಕೈ ಕೀಲಿಮಣೆಗೆ ಎಟುಕದು. ಅವಳು ಹೇಳಬೇಕು, ಇನ್ನೊಬ್ಬರು ಒತ್ತಬೇಕು. ಉದ್ದದ ತಂತಿ ಹಾಕಿ ಕೀಲಿಮಣೆಯನ್ನು ತೊಡೆಯ ಮೇಲೆ ಕೊಟ್ಟರೆ ಸಾಲದೇ ಎಂದು ನೀವು ಕೇಳಬಹುದು. ಹಾಗೂ ಮಾಡಿದರು. ತಂತಿ ಕುರ್ಚಿಯ ಗಾಲಿಗೆ ಸಿಕ್ಕಿಕೊಳ್ಳುತ್ತಿತ್ತು.

ಆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ವಿದೇಶದಲ್ಲಿ ಕೆಲಸ ಮಾಡುತ್ತಾರೆ. ಊರಿಗೆ ಬಂದಾಗ ತಮ್ಮಲ್ಲಿದ್ದ ಅವಕೆಂಪು ಕೀಲಿಮಣೆಯನ್ನು ಕೊಟ್ಟು ಹೋದರು. ಟಿ.ವಿ. ನೋಡುವ ಕೋಣೆಯಲ್ಲಿ ಕುಳಿತು ಕಂಪ್ಯೂಟರ್ ನಡೆಸಲೆಂದು, ಮೈಕ್ರೋಸಾಫ್ಟ್‌ನ ವಿಂಡೋಸ್ ಮೀಡಿಯಾ ಸೆಂಟರ್‌ಗಾಗಿ ಮಾಡಿದ ಕೀಲಿಮಣೆ ಅದು. ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಜೊತೆಗಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್.

ಲಿನಕ್ಸ್ ಎಂದರೇನು ಎಂದು ಇಷ್ಟರಲ್ಲಿ ಹೇಳಿಬಿಡುತ್ತೇನೆ. ಕಂಪ್ಯೂಟರಿನ ಬಿಡಿಭಾಗಗಳಿಂದ ಕೆಲಸ ಮಾಡಿಸುವ ಮೂಲ ತಂತ್ರಾಂಶ ಅದು. ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಇದನ್ನು 1991ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಬರೆಯಲು ತೊಡಗಿದರು. ಬರೆದದ್ದನ್ನು ಎಲ್ಲರಿಗೂ ತೆರೆದಿಟ್ಟರು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಜಗತ್ತಿನ ಸಾವಿರಾರು ಜನ ಅದಕ್ಕೆ ಸೇರಿಸುತ್ತ ಬಂದಿದ್ದಾರೆ.

ರಿಸೀವರ್ ಸಿಕ್ಕಿಸಿ, ಹೊಸ ಸೆಲ್ ಹಾಕಿ ಕೀಲಿಗಳನ್ನು ಒತ್ತಿದರು. ಅಕ್ಷರ ಮೂಡಲಿಲ್ಲ. ಒಂದೂ ಮೂಡಲಿಲ್ಲ. ಆದರೆ ವಿಚಿತ್ರ! ಸದ್ದು ಹೆಚ್ಚಿಸುವ ಕೀಲಿ ಒತ್ತಿದರೆ ಸದ್ದು ಹೆಚ್ಚುತ್ತಿತ್ತು, ಕಡಿಮೆ ಮಾಡುವುದನ್ನು ಒತ್ತಿದರೆ ಇಳಿಯುತ್ತಿತ್ತು. ‘ಹಳೆಯದು, ಕೆಟ್ಟಿದೆ’ ಎಂದು ಪೆಟ್ಟಿಗೆಗೆ ಹಾಕಿದ್ದರು. ನಾನು ಶಾಲೆಗೆ ಹೋದಾಗ ಆ ಹುಡುಗಿಯೇ ಅದನ್ನು ತೆಗೆಸಿ ತೋರಿಸಿದಳು. "ಸಾರ್, ಕೆಟ್ಟಿದ್ದರೆ ಪೂರ್ತಿ ಕೆಡಬೇಕಿತ್ತಲ್ಲ?" ಎಂದಳು.

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ! ಇದರ ಹಿಂದೆ ಹೊರಟೆವು. ನೀವೂ ನಮ್ಮ ಜೊತೆ ಯೋಚಿಸಿ.

ಸೆಲ್ ಬಲಹೀನವಾಗಿರಬಹುದೇ? ಹಾಗಿದ್ದರೆ ಸದ್ದಿನ ಕೀಲಿಯೂ ಕೆಲಸ ಮಾಡಬಾರದು. ರಿಸೀವರ್ ಕೆಟ್ಟಿರಬಹುದೇ? ಅದಕ್ಕೂ ಇದೇ ಉತ್ತರ. ಅಕ್ಷರದ ಕೀಲಿಗಳು ಒಳಗೆ ಕೆಟ್ಟಿರಬಹುದೇ? ಇದನ್ನು ಪರೀಕ್ಷಿಸಬೇಕು. ಹೇಗೆ? ಆರಂಭದಲ್ಲಿ ನೀವು ಮಾಡಿದಿರಲ್ಲ, ಅದೇ ಉಪಾಯ. ಒಬ್ಬಳು ಅಕ್ಷರದ ಕೀಲಿ ಒತ್ತಿದಳು, ಇನ್ನೊಬ್ಬ ಮೊಬೈಲ್ ಕ್ಯಾಮರಾ ಹಿಡಿದ. ದೀಪ ಮಿನುಗಿತು. ಅಂದರೆ ಬೆಳಕು ಹೊರಡುತ್ತಿದೆ.

ಹೊರಟದ್ದು ಕಂಪ್ಯೂಟರಿಗೆ ತಲುಪುತ್ತಿದೆಯೇ? ಲಿನಕ್ಸ್‌ನಲ್ಲಿ ಐಆರ್-ಸಿಟಿಎಲ್ ಎಂಬ ಚಿಕ್ಕ ತಂತ್ರಾಂಶವಿದೆ. ರಿಸೀವರಿಗೆ ಬಿದ್ದ ಬೆಳಕು ಎಷ್ಟು ಹೊತ್ತು ಇತ್ತು, ಕತ್ತಲು ಎಷ್ಟು ಹೊತ್ತು ಇತ್ತು ಎಂಬುದನ್ನು ಅದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದ ಲೆಕ್ಕದಲ್ಲಿ ಬರೆದು ತೋರಿಸುತ್ತದೆ. ಅರ್ಥ ಹೇಳುವುದಿಲ್ಲ, ಕಂಡದ್ದನ್ನು ಕಂಡಂತೆ ಒಪ್ಪಿಸುತ್ತದೆ. ಅದನ್ನು ನಡೆಸಿ ಅಕ್ಷರದ ಕೀಲಿ ಒತ್ತಿದೆವು. ಪರದೆಯ ತುಂಬ ಅಂಕಿಗಳು! ಹೆಚ್ಚಿನವು 330ರ ಆಸುಪಾಸು, ಇಲ್ಲವೇ ಅದರ ಎರಡರಷ್ಟು. ಒಂದು ಬಿಟ್ಟಿನ ಅರ್ಧ ಎಂದರೆ ಮಿಲಿಸೆಕೆಂಡಿನ ಮೂರನೇ ಒಂದು ಭಾಗ, ಅಂದರೆ 333 ಮೈಕ್ರೊಸೆಕೆಂಡ್. ಒಂದು ಬಿಟ್ಟು ಬೆಳಕಿನಲ್ಲಿ ಮುಗಿದು ಮುಂದಿನದು ಬೆಳಕಿನಿಂದಲೇ ಆರಂಭವಾದರೆ ಎರಡರಷ್ಟು. ಲೆಕ್ಕ ಸರಿಹೋಯಿತು.

ಈಗ ಹುಡುಕುವ ಜಾಗ ಕಿರಿದಾಯಿತು. ಕೀಲಿಮಣೆ ಹೇಳುತ್ತಿದೆ, ರಿಸೀವರ್ ಕೇಳುತ್ತಿದೆ. ಆದರೂ ಲಿನಕ್ಸ್‌ಗೆ ಅರ್ಥವಾಗುತ್ತಿಲ್ಲ!

ಎರಡು ಭಾಷೆ

ಬೆಳಕನ್ನು ಎಷ್ಟು ಹೊತ್ತು ಬಿಡಬೇಕು, ಎಷ್ಟು ಬಿಟ್ ಕಳಿಸಬೇಕು ಎಂಬ ನಿಯಮಗಳು ಎಲ್ಲ ಕಂಪನಿಗಳಲ್ಲೂ ಒಂದೇ ಅಲ್ಲ. ಅವುಗಳನ್ನು ಬೇರೆ ಬೇರೆ ಭಾಷೆಗಳು ಎಂದುಕೊಳ್ಳಿ. ಎನ್‌ಇಸಿ, ಸೋನಿ, ಜೆವಿಸಿ, ಆರ್‌ಸಿ-5, ಆರ್‌ಸಿ-6 ಹೀಗೆ ಹಲವಿವೆ. ನಿಮ್ಮ ಮನೆಯ ರಿಮೋಟ್ ಪಕ್ಕದ ಮನೆಯ ಬೇರೆ ಕಂಪನಿಯ ಟಿ.ವಿ.ಯನ್ನು ನಡೆಸದಿರುವುದಕ್ಕೆ ಇದೂ ಒಂದು ಕಾರಣ. ಲಿನಕ್ಸ್ ಇವುಗಳಲ್ಲಿ ಹಲವನ್ನು ಬಲ್ಲದು. ಆದರೆ ಎಲ್ಲವನ್ನೂ ಒಟ್ಟಿಗೆ ಕೇಳಿಸಿಕೊಳ್ಳುವುದಿಲ್ಲ. ಬೇಕಾದುದನ್ನು ಮಾತ್ರ ತೆರೆದಿಡುತ್ತದೆ.

ಯಾವುದನ್ನು ಬಲ್ಲೆ, ಯಾವುದನ್ನು ತೆರೆದಿದ್ದೇನೆ ಎಂಬ ಪಟ್ಟಿಯನ್ನು ಲಿನಕ್ಸ್ ಒಂದು ಕಡತದಲ್ಲಿ ತೋರಿಸುತ್ತದೆ. ತೆರೆದಿರುವ ಭಾಷೆಯ ಸುತ್ತ ಚೌಕ ಆವರಣ ಇರುತ್ತದೆ. ಪಟ್ಟಿ ತೆರೆದೆವು. ಆರ್‌ಸಿ-6ರ ಸುತ್ತ ಆವರಣವಿತ್ತು. ಕೊನೆಯ ಕಡೆಗೆ ಎಂಸಿಇ-ಕೆಬಿಡಿ ಎಂಬ ಇನ್ನೊಂದು ಹೆಸರಿತ್ತು, ಆವರಣವಿಲ್ಲದೆ.

ಗುಟ್ಟು ಅಲ್ಲಿತ್ತು. ಈ ಕೀಲಿಮಣೆ ಎರಡು ಭಾಷೆ ಆಡುತ್ತದೆ! ಸದ್ದು ಹೆಚ್ಚಿಸುವ, ಹಾಡು ನಿಲ್ಲಿಸುವ ಕೀಲಿಗಳು ಆರ್‌ಸಿ-6ರಲ್ಲಿ ಮಾತಾಡುತ್ತವೆ. ಅದೇ ಕಂಪನಿಯ ರಿಮೋಟ್‌ನಲ್ಲಿರುವ ಗುಂಡಿಗಳಿಗೂ ಇವಕ್ಕೂ ವ್ಯತ್ಯಾಸವೇ ಇಲ್ಲ. ಅಕ್ಷರದ ಕೀಲಿಗಳದ್ದು ನಾವು ಆಗಲೇ ನೋಡಿದ 32 ಬಿಟ್‌ಗಳ ಬೇರೆ ಭಾಷೆ. ಇದೇ ಮಣೆಯ ಮೇಲೆ ಬಾಣದ ಗುರುತನ್ನು ಓಡಿಸುವ ಒಂದು ಮೊಳಕೆಯಂಥ ಗುಂಡಿ ಇದೆ. ಅದರ ಸಂದೇಶ 29 ಬಿಟ್‌ಗಳದ್ದು. ವಿಂಡೋಸ್‌ಗಾಗಿ ಮಾಡಿದ ಈ ಮಣೆಯ ಮಾತನ್ನು ಲಿನಕ್ಸ್‌ಗೆ ಕಲಿಸಿದ ಭಾಗವನ್ನು ಜಾರೋಡ್ ವಿಲ್ಸನ್ ಎಂಬ ತಂತ್ರಜ್ಞರು 2011ರಲ್ಲಿ ಬರೆದರು. ಎರಡು ಭಾಷೆಯ ವಿಷಯವನ್ನು ಆ ಭಾಗದ ತಲೆಬರಹದಲ್ಲೇ ವಿವರಿಸಿದ್ದಾರೆ. ತೆರೆದಿಟ್ಟ ತಂತ್ರಾಂಶವಾದ್ದರಿಂದ ನಾವದನ್ನು ಓದಲು ಸಾಧ್ಯವಾಯಿತು.

ಪರಿಹಾರ ಒಂದೇ ಸಾಲು. ಐಆರ್-ಕೀಟೇಬಲ್ ಎಂಬ ತಂತ್ರಾಂಶಕ್ಕೆ ‘ಆರ್‌ಸಿ-6ರ ಜೊತೆಗೆ ಎಂಸಿಇ-ಕೆಬಿಡಿಯನ್ನೂ ತೆರೆ’ ಎಂಬ ಆಜ್ಞೆ ಕೊಡಬೇಕು. ಇದಕ್ಕೆ ಯಂತ್ರದ ಮುಖ್ಯ ಬಳಕೆದಾರರ ಗುಪ್ತಪದ ಬೇಕು. ಆದ್ದರಿಂದ ಇದು ಶಿಕ್ಷಕರು ಮಾಡುವ ಕೆಲಸ. ಅವರು ಆಜ್ಞೆ ಕೊಟ್ಟರು, ಹುಡುಗಿ ಒತ್ತಿದಳು. ಪರದೆಯ ಮೇಲೆ ಅಕ್ಷರ ಬಂತು. ಅವಳು ಮೇಜಿನಿಂದ ಎರಡು ಮಾರು ಹಿಂದೆ ಸರಿದು ಮತ್ತೆ ಒತ್ತಿದಳು. ಮತ್ತೆ ಬಂತು.

ಮರುದಿನ ಕಂಪ್ಯೂಟರ್ ಹಚ್ಚಿದಾಗ ಅಕ್ಷರ ಮತ್ತೆ ಮಾಯ. ಆಜ್ಞೆ ಯಂತ್ರ ಆರಿಸುವವರೆಗೆ ಮಾತ್ರ ನೆನಪಿರುತ್ತದೆ. ಯಂತ್ರ ಏಳುವಾಗಲೇ ನಡೆಯಬೇಕಾದ ಕೆಲಸಗಳ ಪಟ್ಟಿಗೆ ಅದನ್ನು ಸೇರಿಸಿದ ಮೇಲೆ ಆ ತೊಂದರೆ ತೀರಿತು.

ಸಂಖ್ಯೆ ಅಕ್ಷರವಾಗುವುದು

ಹೋಗುವುದು ಸಂಖ್ಯೆ, ಅಕ್ಷರವಲ್ಲ ಎಂದೆನಲ್ಲ. ಇಂಗ್ಲಿಷಿನ ‘ಕೆ’ ಎಂದು ಬರೆದಿರುವ ಕೀಲಿಯನ್ನು ತೆಗೆದುಕೊಳ್ಳಿ. ಈ ಕೀಲಿಮಣೆಯಿಂದ ಅದಕ್ಕೆ ಹೊರಡುವ ಸಂಖ್ಯೆ 14. ಲಿನಕ್ಸ್ ತನ್ನ ಕೋಷ್ಟಕ ನೋಡಿ ಅದನ್ನು 37 ಎಂದು ಬದಲಿಸಿಕೊಳ್ಳುತ್ತದೆ. ಯಾವ ಬಗೆಯ ಕೀಲಿಮಣೆ ಇದ್ದರೂ ಲಿನಕ್ಸ್‌ನ ಒಳಗೆ ಆ ಕೀಲಿಗೆ 37 ಎಂದೇ ಹೆಸರು. 37 ಯಾವ ಅಕ್ಷರವಾಗಬೇಕು ಎಂಬುದನ್ನು ಕೊನೆಯಲ್ಲಿ ಭಾಷೆಯ ವಿನ್ಯಾಸ ನಿರ್ಧರಿಸುತ್ತದೆ. ಇಂಗ್ಲಿಷ್ ವಿನ್ಯಾಸವಾದರೆ ಇಂಗ್ಲಿಷ್ ಅಕ್ಷರ. ಕನ್ನಡದ್ದಾದರೆ ‘ಕ’. ಪಕ್ಕದ ಒಂದು ಕೀಲಿ ದಾಟಿದರೆ ‘ಎಚ್’ ಇದೆ, ಅದು 35. ಕಗಪ ವಿನ್ಯಾಸದಲ್ಲಿ ಒತ್ತಿದರೆ ‘ಹ’ ಬರುತ್ತದೆ. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಪ’ ಬರುತ್ತದೆ. ಬೆಳಕು ಒಂದೇ! ಆದ್ದರಿಂದ ವಿದೇಶದಿಂದ ಬಂದ, ಕನ್ನಡದ ಒಂದು ಗೀಟೂ ಇಲ್ಲದ ಆ ಮಣೆಯಿಂದ ಕನ್ನಡ ಬರೆಯಲು ಹೊಸದಾಗಿ ಏನನ್ನೂ ಮಾಡಬೇಕಾಗಲಿಲ್ಲ. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದ್ದಷ್ಟೇ.

ಇನ್ನೊಂದು ಸೂಕ್ಷ್ಮ. ಕೀಲಿ ಒತ್ತಿಯೇ ಇದ್ದರೆ ಅಕ್ಷರ ಸಾಲಾಗಿ ಬರುತ್ತದೆ, ಕೈ ತೆಗೆದರೆ ನಿಲ್ಲುತ್ತದೆ. ಕೈ ತೆಗೆದ ಸುದ್ದಿಯೂ ಬೆಳಕಿನಲ್ಲೇ ಹೋಗಬೇಕು. ಅದೇ ಕ್ಷಣದಲ್ಲಿ ಯಾರಾದರೂ ನಡುವೆ ಹಾದುಹೋದರೆ? ಸುದ್ದಿ ತಲುಪದು. ‘ಕಕಕಕಕ’ ಎಂದು ಪುಟವೇ ತುಂಬಿಬಿಡಬಹುದು! ಇದನ್ನು ಮೊದಲೇ ಯೋಚಿಸಿದ್ದಾರೆ. ಸೆಕೆಂಡಿನ ಸುಮಾರು ಹತ್ತನೇ ಒಂದು ಭಾಗದಷ್ಟು ಹೊತ್ತು ಹೊಸ ಸಂದೇಶ ಬರದಿದ್ದರೆ, ಕೈ ತೆಗೆದಿದ್ದಾರೆ ಎಂದೇ ಲಿನಕ್ಸ್ ತಿಳಿದುಕೊಳ್ಳುತ್ತದೆ.

ಮೂರು ಗಂಟೆಯ ತೊಂದರೆ

ಎಲ್ಲ ಸರಿಹೋಯಿತು ಎನ್ನುವಾಗ ಶಾಲೆಯಿಂದ ಫೋನು ಬಂತು. ಬೆಳಿಗ್ಗೆ ಚೆನ್ನಾಗಿ ಬರೆಯುವ ಕೀಲಿಮಣೆ ಮಧ್ಯಾಹ್ನ ಮೂರರ ಮೇಲೆ ಅಕ್ಷರ ನುಂಗುತ್ತದೆ! ಹೋಗಿ ನೋಡುವ ಮೊದಲು ಒಂದು ವಾರ ದಿನಚರಿ ಇಡಲು ಹೇಳಿದೆ. ಎಷ್ಟು ಗಂಟೆಗೆ ತೊಂದರೆ ಆರಂಭವಾಯಿತು, ಅಂದು ಬಿಸಿಲಿತ್ತೇ ಮೋಡವಿತ್ತೇ, ಟ್ಯೂಬ್‌ಲೈಟ್ ಹತ್ತಿತ್ತೇ ಎಂದು ಬರೆದರು. ವಾರ ಮುಗಿಯುವುದರೊಳಗೆ ಮಕ್ಕಳೇ ಉತ್ತರ ಹಿಡಿದಿದ್ದರು. ಮೋಡ ಕವಿದ ಎರಡು ದಿನ ತೊಂದರೆಯೇ ಇರಲಿಲ್ಲ. ಬಿಸಿಲಿನ ದಿನಗಳಲ್ಲಿ ಪಡುವಣ ಕಿಟಕಿಯ ಬಿಸಿಲು ಮೇಜಿಗೆ ಬಂದೊಡನೆ ಆರಂಭ.

ಬಿಸಿಲಿಗೆ ಆ 36,000ದ ಲಯವಿಲ್ಲವಲ್ಲ, ಮತ್ತೇಕೆ ತೊಂದರೆ? ಕೊಳಲಿನ ಪಕ್ಕ ಹಿಟ್ಟಿನ ಗಿರಣಿ ಓಡಿದರೆ ಏನಾಗುತ್ತದೆ? ಗಿರಣಿಯ ಸದ್ದು ಕೊಳಲಿನಂತಿಲ್ಲ, ಆದರೂ ಕೊಳಲು ಕೇಳದು. ರಿಸೀವರಿನ ಕಣ್ಣಿನ ಮೇಲೆ ನೇರ ಬಿಸಿಲು ಬಿದ್ದಾಗ ಅಷ್ಟು ಪ್ರಬಲವಾದ ಅವಕೆಂಪಿನ ನಡುವೆ ಕೀಲಿಮಣೆಯ ಸಣ್ಣ ಮಿಟುಕು ಮುಳುಗಿಹೋಗುತ್ತದೆ. ಕೆಲವು ಬಗೆಯ ವಿದ್ಯುತ್ ದೀಪಗಳೂ ವೇಗವಾಗಿ ಮಿಟುಕಿ ಇಂಥ ತೊಂದರೆ ಕೊಡುವುದುಂಟು. ಇಲ್ಲಿ ಟ್ಯೂಬ್‌ಲೈಟ್ ಹತ್ತಲಿ ಆರಲಿ, ವ್ಯತ್ಯಾಸ ಕಾಣಲಿಲ್ಲ ಎಂದು ದಿನಚರಿ ಹೇಳಿತು.

ಮಕ್ಕಳು ಬೆಂಕಿಪೊಟ್ಟಣದ ಮೇಲ್ಕವಚಕ್ಕೆ ಕಪ್ಪು ಕಾಗದ ಅಂಟಿಸಿ ರಿಸೀವರಿನ ಮುಂದೆ ಛಾವಣಿಯಂತೆ ಕಟ್ಟಿದರು. ಅದರ ಬಾಯಿ ಹುಡುಗಿಯ ಕುರ್ಚಿಯ ಕಡೆಗಿತ್ತು, ಕಿಟಕಿಯ ಕಡೆಗಲ್ಲ. ನಾಲ್ಕು ಗಂಟೆಯ ಬಿಸಿಲಿನಲ್ಲೂ ಅಕ್ಷರಗಳು ಸರಿಯಾಗಿ ಬಂದವು. ಅಂದು ಅವಳು ಗೋಡೆ ಪತ್ರಿಕೆಗೆ ಬರೆದದ್ದು ಹರ್ಷೆಲ್‌ರ ಉಷ್ಣಮಾಪಕದ ಬಗ್ಗೆ.

ಮಾಡಿ ನೋಡಿ

ನಿಮ್ಮ ಶಾಲೆಯಲ್ಲಿ ಇಂಥ ಕೀಲಿಮಣೆ ಇಲ್ಲದಿದ್ದರೂ ಚಿಂತೆಯಿಲ್ಲ. ರಿಮೋಟ್ ಮತ್ತು ಟಿ.ವಿ. ಸಾಕು. ರಿಮೋಟನ್ನು ಟಿ.ವಿ.ಗೆ ಬೆನ್ನು ಮಾಡಿ ಸುಣ್ಣದ ಗೋಡೆಯ ಕಡೆಗೆ ಹಿಡಿದು ಒತ್ತಿ. ಆಮೇಲೆ ಅದೇ ಗೋಡೆಯ ಮೇಲೆ ಕಪ್ಪು ಕಂಬಳಿ ಇಳಿಬಿಟ್ಟು ಒತ್ತಿ. ಬಳಿಕ ರಿಮೋಟಿನ ಮೂತಿಗೆ ಒಂದೊಂದಾಗಿ ಅಡ್ಡ ಹಿಡಿಯಿರಿ: ನೋಟ್‌ಪುಸ್ತಕದ ಒಂದು ಹಾಳೆ, ಎರಡು ಹಾಳೆ, ನಾಲ್ಕು ಹಾಳೆ, ನಿಮ್ಮ ಅಂಗೈ, ಊಟದ ತಟ್ಟೆ, ಬಣ್ಣದ ಪ್ಲಾಸ್ಟಿಕ್ ಚೀಲ, ನೀರು ತುಂಬಿದ ಗಾಜಿನ ಲೋಟ. ಪ್ರತಿಯೊಂದಕ್ಕೂ ಮೊದಲು ನಿಮ್ಮ ಊಹೆ ಬರೆದುಕೊಳ್ಳಿ, ಆಮೇಲೆ ಒತ್ತಿ. ಕಣ್ಣಿಗೆ ಆರಪಾರ ಕಾಣದ ಯಾವ ವಸ್ತುವಿನ ಮೂಲಕ ಟಿ.ವಿ. ಮಾತು ಕೇಳಿತು? ಊಹೆ ತಪ್ಪಿದ್ದೆಲ್ಲಿ ಎಂಬುದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಮಾಡಿ ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.